ಹಾರ ಹಿಂದಕ್ಕೆ ಕಟ್ಟಿದ ಗಾಡಿ

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ನಮ್ಮ ಪಿಕಪ್ ಗಾಡಿಗೆ ಹಾರವನ್ನು ಹಿಂದುಗಡೆ ಕಟ್ಟುತ್ತೇವೆ, ಮಾಲು ಇಳಿಸುವ ಬಾಗಿಲಿಗೆ. ಲಕ್ಷ್ಮೇಶ್ವರದ ಪೇಟೆಯಲ್ಲಿ ನೋಡಿದವರು ನಗುತ್ತಾರೆ. "ಬಾಯಾರ, ಗಾಡಿ ಹಿಂದಮುಂದ ಆಗೈತೇನ್ರಿ?" ಎಂದು ಹೂವಿನ ಅಂಗಡಿಯವನು ಪ್ರತಿ ವರ್ಷ ಕೇಳುತ್ತಾನೆ. "ನಮ್ಮ ಗಾಡಿ, ನಮ್ಮ ಹಾರ. ನಾಕು ಮೊಳ ಕೊಡು" ಎಂದು ಪ್ರತಿ ವರ್ಷ ನಾನು ಹೇಳುತ್ತೇನೆ. ಕಾರಣ ಹೇಳಬೇಕಾದರೆ ಒಬ್ಬ ಮನುಷ್ಯನ ವಿಷಯ ಹೇಳಬೇಕಾಗುತ್ತದೆ. ಅದು ಹೂವಿನ ಅಂಗಡಿಯ ಮುಂದೆ ನಿಂತು ಹೇಳುವಂಥದಲ್ಲ. ಅವರು ಹೋಗಿ ಈಗ ಮೂರು ತಿಂಗಳು. ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಗಾಡಿಯ ಗಾಜಿನ ಮೇಲೆ ನಿಮ್ಮ ಹೆಸರು ಬರೆಸೋಣ ಎಂದಾಗ, "ನನ್ನ ಹೆಸರು ಓದಿ ಇಂಜಿನ್ ಚಾಲೂ ಆಗತೈತೇನು?" ಎಂದು ಕೇಳಿದವರು ಅವರು. ಓಣಿಯಲ್ಲಿ ಎಲ್ಲರಿಗೂ ಕಾಕಾ. ನನಗಿಂತ ಎಂಟು ವರ್ಷ ದೊಡ್ಡವರು; ನಾನೂ ಕಾಕಾ ಎಂದೇ ಕರೆದೆ.

ನಾನು ಮೂವತ್ತೈದು ವರ್ಷ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದವಳು; ನಮ್ಮ ಕಡೆ ನರ್ಸಮ್ಮನನ್ನು ಬಾಯಾರು ಎನ್ನುತ್ತಾರೆ. ಕೊನೆಯ ಒಂಬತ್ತು ವರ್ಷ ಮೇಟ್ರನ್. ಐದಕ್ಕೆ ಏಳುವುದು, ಐದೂವರೆಗೆ ಮೊದಲ ಸುತ್ತು, ಪ್ರತಿ ಮಂಚದ ತಲೆಗಡೆ ತೂಗುಹಾಕಿದ ಚಾರ್ಟು ತುಂಬಿದೆಯೋ ಇಲ್ಲವೋ ನೋಡುವುದು, ತುಂಬಿರದಿದ್ದರೆ ಸಂಬಂಧಪಟ್ಟವರನ್ನು ನಿಲ್ಲಿಸಿ ಕೇಳುವುದು. ನಿವೃತ್ತಿಯಾಗಿ ಲಕ್ಷ್ಮೇಶ್ವರದ ಮನೆಗೆ ಬಂದಾಗ ಓಣಿಯ ಗಂಗವ್ವ ಹತ್ತು ಮಂದಿ ಹೆಂಗಸರನ್ನು ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ ಬಡಿದು ಗದಗ, ಶಿರಹಟ್ಟಿ, ಮುಂಡರಗಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಬಸ್ಸಿನಲ್ಲಿ ಹಾಕಿದ ರೊಟ್ಟಿ ಗದಗ ಮುಟ್ಟುವುದರೊಳಗೆ ಅರ್ಧ ಪುಡಿಯಾಗುತ್ತಿತ್ತು. ಒಂದು ಹಳೆಯ ಡೀಸೆಲ್ ಪಿಕಪ್ ತರುವುದೆಂದು ಗೊತ್ತಾಯಿತು. ವ್ಯವಸ್ಥೆ ನನ್ನ ಪಾಲಿಗೆ ಬಂತು. ಬೆಟಗೇರಿಯಲ್ಲಿ ಆಟೊ ಓಡಿಸಿದ್ದ ಮಾಬುಸಾಬ ಡ್ರೈವರನಾಗಲು ಒಪ್ಪಿದ. ಆದರೆ ಒಂದು ಮಾತು ಹೇಳಿದ: "ನನಗ ಓಡಸಾಕ ಬರತೈತ್ರಿ, ಆರಸಾಕ ಬರೂದಿಲ್ಲ. ಅದಕ್ಕ ಕಾಕಾನ್ನ ಕರೀರಿ."

ಕಾಕಾ ಮೊದಲು ದನದ ಸಂತೆಯಲ್ಲಿ ಎತ್ತು ನೋಡಿಕೊಡುವವರಾಗಿದ್ದರು. ಅಲ್ಲಿ ವ್ಯಾಪಾರ ಟವೆಲಿನ ಕೆಳಗೆ ನಡೆಯುತ್ತದೆ. ಕೊಡುವವನೂ ಕೊಳ್ಳುವವನೂ ಕೈಮೇಲೆ ಟವೆಲ್ ಹಾಕಿಕೊಂಡು ಬೆರಳು ಹಿಡಿದೇ ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಒಂದು ಸಂತೆಯಲ್ಲಿ ಕಾಕಾ ಆ ಟವೆಲನ್ನು ಎಳೆದು ತೆಗೆದು, ಈ ಎತ್ತಿನ ಹಿಂಗಾಲು ಹೋಗಿದೆ, ಇದನ್ನು ಯಾರೂ ಕೊಳ್ಳಬೇಡಿ ಎಂದು ಕೂಗಿ ಹೇಳಿದರು. ದಲಾಲರೆಲ್ಲ ಸೇರಿ ಅವರನ್ನು ಸಂತೆಯಿಂದ ಹೊರಗೆ ಹಾಕಿದರು. ಆಗ ವಯಸ್ಸು ನಲವತ್ತೈದು. ಮನೆಯಲ್ಲಿ ಕೂಡಲಿಲ್ಲ. ಬೆಟಗೇರಿಯ ಒಂದು ಡೀಸೆಲ್ ಗ್ಯಾರೇಜಿಗೆ ಹೋಗಿ ತಮಗಿಂತ ಇಪ್ಪತ್ತು ವರ್ಷ ಚಿಕ್ಕವರ ಕೈಕೆಳಗೆ ಪಾನಾ ಹಿಡಿದು ಕೆಲಸ ಕಲಿತರು. "ಎತ್ತು ಹೋದ್ವು, ಪಿಕಪ್ ಬಂದ್ವು. ಐಬು ಮುಚ್ಚಿ ಮಾರೂ ಮಂದಿ ಹಂಗಽ ಇದ್ರು. ನನಗ ಕೆಲಸ ತಪ್ಪಲಿಲ್ಲ" ಎನ್ನುತ್ತಿದ್ದರು.

ಮೊದಲ ಗಾಡಿ ನೋಡಲು ಗದಗಕ್ಕೆ ಹೋದೆವು. ಹಳೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ ಬಯಲು. ನನ್ನ ಕೈಯಲ್ಲಿ ವಹಿ, ಪೆನ್ನು, ನೋಡಬೇಕಾದ ಕಾಗದಪತ್ರಗಳ ಪಟ್ಟಿ. ಕಾಕಾನ ಹೆಗಲ ಮೇಲೆ ಒಂದು ಟವೆಲ್, ಅಷ್ಟೆ. ನೇರವಾಗಿ ಹೋಗಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಬರ್ರಿ ಬಾಯಾರ, ಹೋಗೂಣು."

"ಇನ್ನೂ ನೋಡಲಿಲ್ಲಲ್ರಿ ಕಾಕಾ!"

"ನೋಡಿದೆ. ಗಾಡಿ ಎದ್ದು, ಮಾರಿ ತೊಳಕೊಂಡು, ಚಾ ಕುಡದು ಕುಂತೈತಿ. ನಮಗ ಮಲಗಿದ್ದ ಗಾಡಿ ಬೇಕು."

ಮಾರುವವನು ಓಡಿ ಬಂದ. "ಅಜ್ಜಾ, ನಿಮಗ ಅನುಕೂಲ ಆಗ್ಲಿ ಅಂತ ಜರಾ ಚಾಲೂ ಮಾಡಿಟ್ಟಿದ್ನಿ."

"ಅನುಕೂಲ ನನಗಲ್ಲಪಾ, ನಿನಗ" ಎಂದು ಕಾಕಾ ಹಿಂತಿರುಗಿ ನೋಡದೆ ನಡೆದರು.

ಬಸ್ಸಿನಲ್ಲಿ ವಿವರಿಸಿದರು. ಡೀಸೆಲ್ ಇಂಜಿನ್ ತಣ್ಣಗಿದ್ದಾಗ ಸುಳ್ಳು ಹೇಳುವುದಿಲ್ಲ. ಬಿಸಿಯಾದ ಮೇಲೆ ಮುದಿ ಇಂಜಿನ್ನೂ ಹರೆಯದ ಹಾಗೆ ನಡೆಯುತ್ತದೆ. ಆದ್ದರಿಂದ ಹೇಳದೆ ಕೇಳದೆ ಹೋಗಬೇಕು, ಬೆಳಿಗ್ಗೆ ಹೋಗಬೇಕು. ಇದು ನನಗೆ ಕೂಡಲೇ ಹಿಡಿಸಿತು. ಹೇಳದೆ ಕೇಳದೆ ಬೆಳಿಗ್ಗೆ ಹೋಗುವುದು ನನ್ನದೂ ಪದ್ಧತಿ.

ಎರಡನೆಯದು ಶಿರಹಟ್ಟಿಯಲ್ಲಿ. ತಣ್ಣಗಿತ್ತು, ಮೀಟರು ತೀರ ಕಡಿಮೆ ತೋರಿಸುತ್ತಿತ್ತು. ಕಾಕಾ ಕುಕ್ಕರಗಾಲಿನಲ್ಲಿ ಕುಳಿತು ಪೆಡಲ್ಲುಗಳ ರಬ್ಬರು ಎಬ್ಬಿಸಿ ನೋಡಿದರು. ರಬ್ಬರು ಹೊಸದು, ಕೆಳಗಿನ ಕಬ್ಬಿಣ ಓರೆಯಾಗಿ ಸವೆದಿತ್ತು. "ಮುದಿ ಎತ್ತಿನ ಹಲ್ಲಿಗೆ ಅರ ಹಚ್ಚ್ಯಾರ" ಎಂದು ಎದ್ದರು. ಬಹಳ ಓಡಿದ ಗಾಡಿಯ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರು.

ಮೂರನೆಯದು ಮುಂಡರಗಿಯ ಒಬ್ಬ ಶೇಂಗಾ ವ್ಯಾಪಾರಿಯದು. ಆರು ಗಂಟೆಗೆ ಹೋದಾಗ ಗಾಡಿಯ ಕೆಳಗೆ ಕೋಳಿಗಳು ಇನ್ನೂ ಮಲಗಿದ್ದವು. ಕಾಕಾನ ಮುಖ ಅರಳಿತು. ನಾನು ಚೀಲದಿಂದ ನನ್ನ ಹಳೆಯ ಸ್ಟೆಥಾಸ್ಕೋಪ್ ತೆಗೆದೆ. ಇಂಜಿನ್ನಿನ ಸಪ್ಪಳ ಕೇಳಬಹುದೆಂದು ತಂದಿದ್ದೆ.

"ಅದನ್ನ ಒಳಗಿಡ್ರಿ ಬಾಯಾರ. ಇದು ಬಾಣಂತಿ ಕೇಸಲ್ಲ. ಗಡಿಯಾರ ಹಿಡೀರಿ."

ಚಾಲೂ ಮಾಡಿದರು. ಬಿಳಿ ಹೊಗೆ ಬಂತು. ಅದು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಎಂದು ಎಣಿಸುವುದು ನನ್ನ ಕೆಲಸ. ಇಪ್ಪತ್ತು ಸೆಕೆಂಡಿಗೆ ತಿಳಿಯಾಯಿತು. ನೀಲಿ ಬಂದರೆ ಆಯಿಲ್ ಕುಡಿಯುತ್ತಿದೆ, ಕಪ್ಪು ಬಂದರೆ ಉಸಿರು ಕಟ್ಟಿದೆ ಎಂದು ಆವತ್ತು ಕಲಿತೆ. ಇಂಜಿನ್ ನಡೆಯುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದು ನೋಡಿದರು: ಬುಸುಬುಸು ಎನ್ನಲಿಲ್ಲ. ಪೇಟೆಯ ಏರಿನಲ್ಲಿ ಹಿಮ್ಮುಖವಾಗಿ ಓಡಿಸಿದರು. ಅಷ್ಟು ಆದ ಮೇಲೆ ಆ ವ್ಯಾಪಾರಿ ಹಳೆಯ ಅಭ್ಯಾಸದಂತೆ ಕಾಕಾನ ಕೈಹಿಡಿದು ಮೇಲೆ ತನ್ನ ಟವೆಲ್ ಹಾಕಿದ. ಕಾಕಾ ಆ ಟವೆಲನ್ನೇ ತೆಗೆದುಕೊಂಡು ಆಯಿಲ್ ಕಡ್ಡಿ ಒರೆಸಿದರು.

"ಟವೆಲ್ ಇರೂದು ಒರಸಾಕ, ಮುಚ್ಚಾಕಲ್ಲ."

ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಎಡಗಡೆ ಸ್ಪ್ರಿಂಗ್ ಪಾಟಾ ಸೋತೈತಿ. ಕ್ಲಚ್ಚು ಆರು ತಿಂಗಳ ಬಂದೀತು. ಇಂಜಿನ್ ಗಟ್ಟಿ ಐತಿ. ಬಾಯಾರ, ತಗೋರಿ" ಎಂದರು. ಆ ಗಾಡಿ ನಮ್ಮದಾಯಿತು. ನನ್ನಿಂದ ಅವರು ತೆಗೆದುಕೊಂಡದ್ದು ಒಂದು ಪ್ಲೇಟು ಗಿರ್ಮಿಟ್ಟು, ಎರಡು ಮಿರ್ಚಿ ಭಜಿ.

ಗಾಡಿ ಮನೆಗೆ ಬಂದ ಮರುದಿನವೇ ನಾನು ಡ್ರೈವರನ ಸೀಟಿನ ಹಿಂದೆ ಕ್ಲಿಪ್ಪು ಹಲಗೆಯೊಂದನ್ನು ತೂಗುಹಾಕಿದೆ. ಅದರಲ್ಲಿ ಚಾರ್ಟು. ತಾರೀಖು, ಆಯಿಲ್, ನೀರು, ಹೊಗೆಯ ಬಣ್ಣ, ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಎಲ್ಲಿತ್ತು. ಬೆಳಿಗ್ಗೆ ಐದೂವರೆಗೆ ನಾನೇ ನಿಂತು ಬರೆಯುವೆ. ಮುಳ್ಳಿನ ಲೆಕ್ಕ ಮಾಬುಸಾಬ ಬಂದ ಮೇಲೆ. "ಗಾಡಿಗೂ ಥರ್ಮಾಮೀಟರ್ ಇಟ್ಟಾರ ಬಾಯಾರು" ಎಂದು ಕಾಕಾ ಓಣಿಗೆಲ್ಲ ಹೇಳಿಕೊಂಡು ನಕ್ಕರು. ಆದರೆ ಸೋಮವಾರಕ್ಕೊಮ್ಮೆ ಬಂದು, ಕನ್ನಡಕ ಏರಿಸಿ, ಒಂದೊಂದು ಸಾಲೂ ಓದುವರು. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ತಳದ ನೀರನ್ನು ಗಾಜಿನ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿಯುವರು. ಎರೆಹೊಲದ ಧೂಳು ತುಂಬಿದ ಏರ್ ಫಿಲ್ಟರನ್ನು ಕಟ್ಟೆಗೆ ಬಡಿಯುವರು. ದೂರ ಓಡಿ ಬಂದ ಕೂಡಲೇ ಮಾಬುಸಾಬ ಕೀಲಿ ತಿರುವಿದರೆ ಬೈಗುಳ: "ಓಡಿ ಬಂದ ಎತ್ತಿಗೆ ನೊಗ ಇಳಿಸಿದ ಕೂಡಲೇ ನೀರು ತೋರಸ್ತಾರೇನಲೇ? ಒಂದು ನಿಮಿಷ ಉಸರಾಡಾಕ ಬಿಡು." ರೊಟ್ಟಿಯ ಜೊತೆ ಡೀಸೆಲ್ ಕ್ಯಾನು ಇಡಕೂಡದೆಂದು ಅವರದೇ ಕಾಯಿದೆ. ರೊಟ್ಟಿ ವಾಸನೆ ಹಿಡಿಯುತ್ತದೆ.

ನಮಗೆ ಜಗಳವೂ ಆಗುತ್ತಿತ್ತು. ಆಯಿಲನ್ನು ತಾರೀಖಿನ ಪ್ರಕಾರ ಬದಲಿಸಬೇಕು ಎಂದು ನಾನು. ಬೆರಳ ನಡುವೆ ತಿಕ್ಕಿ, ಮೂಸಿ ನೋಡಿ ಬದಲಿಸಬೇಕು ಎಂದು ಅವರು. ಒಂದು ದಿನ ಅವರೇ ಇತ್ಯರ್ಥ ಮಾಡಿದರು: "ನಿಮ್ಮದು ತಾರೀಖು, ನಂದು ಬೆರಳು. ಯಾವುದು ಮೊದಲ ಬರತೈತೋ ಅದು."

ಎರಡು ತಿಂಗಳು ಹೀಗೆ ನಡೆಯಿತು. ಖಂಡೇಪೂಜೆ ಬಂತು.

ಹೆಂಗಸರೆಲ್ಲ ಸೇರಿ ಗಾಡಿ ತೊಳೆದರು. ಎರಡೂ ಬದಿಗೆ ಬಾಳೆಕಂಬ, ಕಬ್ಬು. ಮುಂದಿನ ಜಾಳಿಯ ತುಂಬ ಚೆಂಡುಹೂವಿನ ದಪ್ಪ ಹಾರ. ಹೂವಿನ ಎಸಳು ರೇಡಿಯೇಟರಿನೊಳಗೆ ಉದುರಿ ಕಸವಾದೀತು ಎಂದು ನನಗೆ ಅನಿಸಿತು. ಮನೆಯಲ್ಲಿ ಹಾಸಿಗೆಯ ಮೇಲೆ ಹಾಸುವ ರಬ್ಬರ್ ಹಾಳೆ ಇತ್ತು. ತಂದು ಜಾಳಿಯ ಮೇಲೆ ಬಿಗಿಯಾಗಿ ಹೊದಿಸಿ, ನಾಲ್ಕೂ ಮೂಲೆಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿ, ಅದರ ಮೇಲೆ ಹಾರ ಹಾಕಿಸಿದೆ. ಒಂದು ಸುಕ್ಕಿಲ್ಲ. ನನ್ನ ಕೆಲಸ ನಾನೇ ಮೆಚ್ಚಿಕೊಂಡೆ. ಹಬ್ಬದ ದಿನವೆಂದು ಚಾರ್ಟಿಗೆ ಮಾತ್ರ ಸೂಟಿ ಕೊಟ್ಟೆ. ಕಾಕಾ ಆವತ್ತು ಮಗಳ ಊರಿಗೆ ಹೋಗಿದ್ದರು.

ಹಬ್ಬಕ್ಕೆ ಖಾನಾವಳಿಗಳಿಂದ ಎರಡು ಪಟ್ಟು ಬೇಡಿಕೆ. ಗಾಡಿ ತುಂಬ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳು. ನಾನು ಮಾಬುಸಾಬನ ಪಕ್ಕದಲ್ಲಿ ಕುಳಿತೆ. ಮೀಟರಿನ ಮುಂದೆ ದೇವಿಯ ಫೋಟೊ ಇಟ್ಟಿದ್ದೆವು. ಮುಳ್ಳು ಯಾರಿಗೂ ಕಾಣುತ್ತಿರಲಿಲ್ಲ. ಶಿರಹಟ್ಟಿ ದಾಟಿ ಒಂದು ಏರಿನಲ್ಲಿ ಬಾನೆಟ್ಟಿನಿಂದ ಉಗಿ ಎದ್ದಿತು. ಗಾಡಿ ನಿಂತಿತು. ಇಬ್ಬರೂ ಇಳಿದು ಹಾರ ಕಿತ್ತೆವು. ರಬ್ಬರ್ ಹಾಳೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಸೀಟಿನ ಕೆಳಗೆ ಇಟ್ಟೆ. ಅಂಥ ಹೊತ್ತಿನಲ್ಲೂ ಮಡಿಕೆ ಸರಿಯಾಗಿತ್ತು.

ಎಳೆದುಕೊಂಡು ಹೋದ ಗ್ಯಾರೇಜಿನವನು ಒಂದು ಸುತ್ತು ನೋಡಿ, "ಇಂಜಿನ್ ಮೊದಲಽ ಸತ್ತಿತ್ತು. ಸಿಂಗರಿಸಿ ಮಾರ್ಯಾರ. ಆರಿಸಿದವರು ಯಾರು? ಆ ಮುದುಕ? ಎರಡೂ ಕಡೆ ದಲಾಲಿ ತಿಂದಾನ ತಗೀರಿ" ಎಂದ. ಸಂಜೆಯೊಳಗೆ ಈ ಮಾತು ಲಕ್ಷ್ಮೇಶ್ವರ ಮುಟ್ಟಿತು. ಗಾಡಿ ನೋಡಲು ಕಾಕಾನನ್ನು ಕರೆದಿದ್ದ ಮೂವರು ಬೇಡವೆಂದು ಹೇಳಿ ಕಳಿಸಿದರು. ಕಾಕಾ ಮಗಳ ಊರಿನಿಂದ ಬಂದಾಗ ಗಂಗವ್ವ ಅವರ ಬಾಗಿಲಲ್ಲಿ ನಿಂತಿದ್ದಳು.

"ರೊಟ್ಟಿ ಬಡಿಯೂ ಕೈಗೆ ಮೋಸ ಮಾಡಿದ್ರಲ್ಲೋ ಕಾಕಾ!"

ಕಾಕಾ ಕೂಗಾಡಲಿಲ್ಲ. "ಗಾಡಿ ಓಣಿಗೆ ತರಸ್ರಿ. ರವಿವಾರ ಎಲ್ಲಾರ ಮುಂದ ಬಿಚ್ಚತೇನಿ. ಆ ಗ್ಯಾರೇಜಿನವನೂ ಬರ್ಲಿ. ತಪ್ಪು ನಂದಿದ್ರ ಈ ಕೈ ಮತ್ತ ಯಾವ ಬಾನೆಟ್ಟೂ ಮುಟ್ಟೂದಿಲ್ಲ" ಎಂದರು. ಅವರಿಗೆ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ. ಇದ್ದದ್ದು ಆ ಕೈ, ಆ ಕೈಯ ಮೇಲೆ ಮಂದಿ ಇಟ್ಟ ನಂಬಿಕೆ.

ನಾನು ಚಾರ್ಟು ತೆಗೆದು ನೋಡಿದೆ. ಎರಡು ತಿಂಗಳ ಸಾಲುಗಳು. ಮುಳ್ಳು ಮಧ್ಯದಲ್ಲಿ, ಮುಳ್ಳು ಮಧ್ಯದಲ್ಲಿ. ಕೊನೆಯ ಸಾಲು ಖಾಲಿ. ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ರಬ್ಬರ್ ಹಾಳೆ ನೆನಪಾಯಿತು. ಗಾಳಿಯೇ ಹೋಗದ ಹಾಗೆ ನಾನೇ ಅದರ ಮೂಗು ಕಟ್ಟಿದ್ದೆ. ಹೇಳಬೇಕಿತ್ತು. ಎದ್ದು ಹೋಗಿ ಆಗಲೇ ಹೇಳಬೇಕಿತ್ತು. ಮೂವತ್ತೈದು ವರ್ಷ ಬೇರೆಯವರ ತಪ್ಪು ಹಿಡಿದ ನಾಲಗೆ ಏಳಲಿಲ್ಲ. ರವಿವಾರದವರೆಗೆ ಸುಮ್ಮನಿದ್ದೆ. ಇದನ್ನೂ ಬರೆಯಲೇಬೇಕು.

ರವಿವಾರ ಬೆಳಿಗ್ಗೆ ಓಣಿಯ ತುಂಬ ಮಂದಿ. ಕಾಕಾ ಗೋಣಿಚೀಲ ಹಾಸಿ, ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟರು. ನನ್ನ ಆಪರೇಷನ್ ಟ್ರೇ ಕೂಡ ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ಇಂಜಿನ್ನಿನ ಹೆಡ್ಡನ್ನು ಮಾಬುಸಾಬನ ಕೈಯಿಂದ ಎತ್ತಿಸಿದರು. ನಡುವಿನ ಗ್ಯಾಸ್ಕೆಟ್ಟು ಒಂದು ಕಡೆ ಸುಟ್ಟು ಕರಿಯಾಗಿತ್ತು.

"ಒಳಗ ನೋಡ್ರಿ. ಸಿಲಿಂಡರಿನ ಗೋಡಿ ಮ್ಯಾಲ ಒಂದು ಗೀರಿಲ್ಲ. ವಯಸ್ಸಾಗಿ ಸತ್ತದ್ದಲ್ಲ ಇದು. ಒಂದಽ ತಾಸಿನ ಬಿಸಿಗೆ ಸತ್ತೈತಿ."

"ರೇಡಿಯೇಟರ್ ಕಟ್ಟಿತ್ತು ಮತ್ತ. ಅದನ್ಯಾಕ ನೋಡಲಿಲ್ಲ ಅಜ್ಜಾ?" ಎಂದ ಗ್ಯಾರೇಜಿನವನು.

ಕಾಕಾ ಒಂದು ಕೊಡ ನೀರು ತರಿಸಿ ರೇಡಿಯೇಟರಿನ ಮೇಲಿನ ಬಾಯಿಗೆ ಸುರಿದರು. ಕೆಳಗಿನ ಬಾಯಿಂದ ಧೋ ಎಂದು ಇಳಿಯಿತು. "ಎಲ್ಲಿ ಕಟ್ಟೈತಿ, ಬೆರಳಿಟ್ಟು ತೋರಸು." ಮಂದಿ ನಕ್ಕರು. "ಬಾಯಾರ, ನಿಮ್ಮ ಕಾಗದ ಓದ್ರಿ."

ಓದಿದೆ. ಒಂದೊಂದು ದಿನದ್ದೂ. ಕೊನೆಯ ಸಾಲಿಗೆ ಬಂದು ನಿಂತೆ.

"ಹಬ್ಬದ ದಿನದ್ದು?" ಎಂದು ಕೇಳಿದ ಗ್ಯಾರೇಜಿನವನು.

"ಬರೆದಿಲ್ಲ."

"ಬೇಕಾದದ್ದಽ ಇಲ್ಲ! ಮುಗೀತಲ್ಲ ಅಜ್ಜಾ."

ಕಾಕಾ ಆಗ ಜಾಳಿಯ ಹತ್ತಿರ ಬಗ್ಗಿದ್ದರು. ಜಾಳಿಯ ಮೂಲೆಯಲ್ಲಿ ಬ್ಯಾಂಡೇಜ್ ಬಟ್ಟೆಯ ಒಂದು ಗಂಟು ಇನ್ನೂ ಉಳಿದಿತ್ತು, ಗಂಟಿನಲ್ಲಿ ರಬ್ಬರಿನ ಒಂದು ಚೂರು. ಅವರು ಅದನ್ನು ಬೆರಳಿನಿಂದ ಮುಟ್ಟಿದರು. ನನ್ನ ಕಡೆ ನೋಡಿದರು. ನಮ್ಮ ಊರಿನಲ್ಲಿ ಹಾಗೆ ಗಂಟು ಹಾಕುವವರು ಯಾರೆಂದು ಅವರಿಗೆ ತಿಳಿಯಿತು, ತಿಳಿಯಿತೆಂದು ನನಗೂ ತಿಳಿಯಿತು. ಒಂದು ಮಾತು ಸಾಕಿತ್ತು ಅವರ ಕೈ ಉಳಿಯಲು. ಅವರು ಆ ಮಾತು ಆಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೈ ಒರೆಸಿಕೊಂಡು, ಒಣಹಾಕುವವರ ಹಾಗೆ, ಆ ಗಂಟಿನ ಮೇಲೆ ಹಾಕಿದರು.

ಎಂದೂ ಏನನ್ನೂ ಮುಚ್ಚದ ಮನುಷ್ಯ.

ನಾನು ಮುಂದೆ ಹೋಗಿ ಟವೆಲ್ ತೆಗೆದೆ. "ಟವೆಲ್ ಇರೂದು ಒರಸಾಕ ಕಾಕಾ, ಮುಚ್ಚಾಕಲ್ಲ" ಎಂದೆ. ಸೀಟಿನ ಕೆಳಗಿನಿಂದ ರಬ್ಬರ್ ಹಾಳೆ ತಂದು, ಜಾಳಿಗೆ ಹಿಡಿದು, ಹೇಗೆ ಕಟ್ಟಿದ್ದೆನೋ ಹಾಗೆ ಎಲ್ಲರ ಮುಂದೆ ಕಟ್ಟಿ ತೋರಿಸಿದೆ. "ಗಾಡಿ ಕೊಂದಾಕಿ ನಾನು. ಎರಡನೇ ದಿನಕ್ಕಽ ಗೊತ್ತಾಗಿತ್ತು. ಹೇಳಲಿಲ್ಲ. ಅದು ಇದಕ್ಕಿಂತ ದೊಡ್ಡ ತಪ್ಪು."

ಕಾಕಾ ಟವೆಲನ್ನು ನನ್ನ ಕೈಯಿಂದ ಕಸಿದುಕೊಂಡರು. "ಇದನ್ನ ಜಲ್ದಿ ಹೇಳಬಾರದಾ ಬಾಯಾರ? ಎಲ್ಲಾ ಬೋಲ್ಟು ಬಿಚ್ಚೀನಲ್ಲ!"

ಮೊದಲು ನಕ್ಕವಳು ಗಂಗವ್ವ, ಆಮೇಲೆ ಅತ್ತವಳೂ ಅವಳೇ. "ಕಾಕಾ, ನಂದು ತಪ್ಪಾತು" ಎಂದು ಬಗ್ಗಿದಳು. "ತಪ್ಪು ಆಮ್ಯಾಲ. ಹೆಡ್ಡು ಬಾಗೈತಿ, ಬೆಟಗೇರಿಗೆ ಒಯ್ದು ಲೇತಿನ ಮ್ಯಾಲ ಸಪಾಟ ಮಾಡಸಬೇಕು. ಚೀಲ ತಾ" ಎಂದರು. ಗ್ಯಾರೇಜಿನವನು ಜಾಗ ಬಿಡುತ್ತಿದ್ದ. ಅವನನ್ನು ನಿಲ್ಲಿಸಿ, "ನೀ ಗಾಡಿ ಕೊಳ್ಳೂವಾಗ ಕರಿ. ಬರ್ತೇನಿ. ಬಾನೆಟ್ ತಣ್ಣಗಿರಬೇಕು ಅಷ್ಟ" ಎಂದರು. ಮರು ವರ್ಷ ಅವನು ಕರೆದ. ಇವರು ಹೋದರು.

ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ನಮ್ಮಿಬ್ಬರ ಕಾಲ ನಡುವೆ ಇಟ್ಟುಕೊಂಡು ಬೆಟಗೇರಿಗೆ ಹೋದೆವು. ದಾರಿಯಲ್ಲಿ ಕೇಳಿದೆ, ಯಾಕೆ ಮುಚ್ಚಿದಿರಿ ಎಂದು. ಹೆಡ್ಡು ಜಾರದ ಹಾಗೆ ಕಾಲಿನಿಂದ ಒತ್ತಿ ಹಿಡಿದರು.

"ಎತ್ತಿನ ಐಬು ನಾವು ಹೇಳಬೇಕು ಬಾಯಾರ, ಅದಕ್ಕ ಬಾಯಿಲ್ಲ. ಮನಶ್ಯಾಂದು ಅವನಽ ಹೇಳಬೇಕು."

"ನಾ ಹೇಳದಿದ್ರ?"

"ಹೇಳದಿದ್ರ ಇಲ್ಲ. ಸಂತಿ ಬಿಟ್ಟಾಂವ, ಇದನ್ನೂ ಬಿಡ್ತಿದ್ದೆ. ಮತ್ತೊಂದು ಕಲೀತಿದ್ದೆ."

ಆಗ ಅವರಿಗೆ ಎಪ್ಪತ್ತು.

ಅದಾಗಿ ಏಳು ವರ್ಷ. ಗಾಡಿ ಓಡುತ್ತಿದೆ. ಹಳೆಯ ಡೀಸೆಲ್ ಗಾಡಿ ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತೀರಿ, ಗುಜರಿಗೆ ಹಾಕಿ ಎಂದು ಬುದ್ಧಿ ಹೇಳುವವರು ದಿನಕ್ಕೊಬ್ಬರು ಬರುತ್ತಾರೆ. ಫಿಟ್‌ನೆಸ್ ಪ್ರಮಾಣಪತ್ರ ಇದೆ, ಹೊಗೆ ಪರೀಕ್ಷೆಯ ಚೀಟಿ ಇದೆ, ಏಳು ವರ್ಷದ ಚಾರ್ಟು ಇದೆ. ಓದಿ ನೋಡಿ, ಆಮೇಲೆ ಬುದ್ಧಿ ಹೇಳಿ ಎನ್ನುತ್ತೇನೆ. ಇಷ್ಟರವರೆಗೆ ಪೂರ್ತಿ ಓದಿದವರಿಲ್ಲ. ಖಾಲಿ ಸಾಲು ಅದರಲ್ಲಿ ಒಂದೇ ಒಂದು. ಅದನ್ನು ಆಮೇಲೆ ತುಂಬಲಿಲ್ಲ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ಕಾಕಾ ಹೋದ ಸುದ್ದಿ ಬೆಳಿಗ್ಗೆ ಐದಕ್ಕೆ ಬಂತು. ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಗಾಡಿಯ ಕಡೆ ನಡೆದೆ. "ಇವತ್ತರ ಬಿಡ್ರಿ ಅಕ್ಕಾ" ಎಂದಳು. ಬಿಡಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಮಾಬುಸಾಬ ಕಣ್ಣು ಒರೆಸಿಕೊಂಡು ಕೀಲಿ ತಿರುವಿದ. ಗಡಿಯಾರ ಹಿಡಿದು ಎಣಿಸಿದೆ. ಚಾರ್ಟಿನಲ್ಲಿ ಬರೆದೆ: ಆಯಿಲ್ ಸರಿ. ನೀರು ಸರಿ. ಹೊಗೆ ಬಿಳಿ, ಇಪ್ಪತ್ತಕ್ಕೆ ತಿಳಿ.

ಆಮೇಲೆ ಅವರ ಮನೆಗೆ ಹೋದೆ.